ಸೊಟ್ಟ ಹೊಲಿಗೆಯ ಕುಲಾವಿ

ಹೆಸರಿಡುವ ದಿನ ಸೋದರತ್ತೆ ಕೈಯಾರೆ ಹೊಲಿದ ಕುಲಾವಿಯನ್ನೇ ಕೂಸಿಗೆ ತೊಡಿಸುವುದು ಶಿವರಂಜಿನಿಯ ತವರಿನ ಪದ್ಧತಿ. ಅಣ್ಣನ ಮಗುವಿಗೆಂದು ಕುಲಾವಿಯನ್ನು ಚೀಲದಲ್ಲಿಟ್ಟುಕೊಂಡು ಅವಳು ಗುಂಡ್ಲುಪೇಟೆಯಲ್ಲಿ ಚಾಮರಾಜನಗರದ ಬಸ್ಸಿಗೆ ಕಾಯುತ್ತಿದ್ದಳು. ಪಕ್ಕದಲ್ಲೇ ಇಬ್ಬರು ಹೆಂಗಸರು ಕುಲಾವಿಗಳ ಗಂಟು ಇಟ್ಟುಕೊಂಡು ಸಂತೆಗೆ ಹೊರಟು ಕೂತಿದ್ದರು.

"ಇಂಟರ್‌ನೆಟ್ಟಲ್ಲಿ ಕೇಳಿದ್ರಲ್ಲ, ಅದ ಕಳಿಸ್ಬುಟ್ಯಾ ನಾಗಮಣಿ?"

"ಆಗ್ಲೇ ಕಳಿಸ್ಬುಟ್ಟೆ ಕಣಕ್ಕ. ಒಲಿಗೆ ಸೊಟ್ಟಗಿರ್ಬೇಕು ಅಂತ ಬರ್ದವ್ರೆ ಅಂದ್ಲು ಸೈಬರ್ ಅಂಗ್ಡಿ ಉಡ್ಗಿ."

"ಸೊಟ್ಟಗಾ? ಅದ್ಯಾಕಮ್ಮಿ?"

"ತಾನೇ ಒಲ್ದೆ ಅಂತ ಯೋಳ್ಕೊಳಕೆ ಇರ್ಬೇಕು."

"ಪಾಪ, ಅವ್ಳ ಕೈಗೇನಾಗಿದ್ದದೋ!"

"ನನ್ ಕೈಗೆ ಸೊಟ್ಟ ಬರ್ಲೇ ಇಲ್ಲ. ಕೊನೇಗೆ ಎಡಗೈಲಿ ಒಲ್ದೆ."

ಇಬ್ಬರೂ ನಕ್ಕರು. ಶಿವರಂಜಿನಿಯ ಕಿವಿ ಬಿಸಿಯಾಯಿತು. ಹಾಗೆ ಬರೆದವಳು ಅವಳೇ. ಹೊಲಿಯುವವರು ಇದೇ ಸೀಮೆಯವರೆಂದು ಯಾರಿಗೆ ಗೊತ್ತಿತ್ತು!

ಬೇಗೂರಿನ ಬಸ್ ಬಂತು. ಏಳುತ್ತ ನಾಗಮಣಿ ಒಂದು ಕುಲಾವಿಯನ್ನು ಅವಳತ್ತ ಚಾಚಿದಳು.

"ಅವ್ವಾ, ಮನೇಲಿ ಎಳೆಕೂಸು ಅದಾ? ಒಂದ್ ತಕಳಿ."

"ಬೇಡ, ಅಣ್ಣನ ಮಗುಗೆ ನಾನೇ ಹೊಲಿದಿದ್ದೀನಿ." ಮಾತು ಬಾಯಿಂದ ಜಾರಿಯೇ ಹೋಯಿತು.

"ಔದಾ! ಅತ್ತೆ ಒಲ್ದುದ್ದೇ ಚೆಂದ. ಎಲ್ಲಿ, ತೋರ್ಸಿ ನೋಡನ."

ಶಿವರಂಜಿನಿ ಚೀಲದ ಬಾಯಿಯನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದಳು. ಕಂಡಕ್ಟರ್ ಸೀಟಿ ಊದಿದ.

"ನಾಚ್ಕಬ್ಯಾಡಿ ಬುಡಿ," ಎಂದು ಬಸ್ಸಿನತ್ತ ಓಡುತ್ತಲೇ ನಾಗಮಣಿ ಸಮಾಧಾನ ಹೇಳಿದಳು. "ಮೊದಮೊದ್ಲು ಎಲ್ರುದೂ ಸೊಟ್ಟಗೇ ಬರದು!"