ದಿನಾ ಬೆಳಗ್ಗೆ ಒಂದ್ಸಲ

ಕಂಪ್ಯೂಟರ್ ರಿಪೇರಿ ಅಂಗಡಿಗೆ ತನ್ನ ಕೆಟ್ಟ ಹಾರ್ಡ್ ಡಿಸ್ಕ್ ತಂದಿದ್ದ ಟೀಚರಮ್ಮ ಆಗಷ್ಟೇ ಬೈಸಿಕೊಂಡಿದ್ದಳು. "ಟಕ್ ಟಕ್ ಅಂತ ಸದ್ದು ಬಂದಮೇಲೆ ಹಾರ್ಡ್ ಡಿಸ್ಕಿಗೆ ಕರೆಂಟ್ ಕೊಡಲೇಬಾರದು ಮೇಡಂ. ಕೊಟ್ಟಷ್ಟು ಸಲ ಒಳಗೆ ಗೀರು ಬೀಳುತ್ತೆ," ಎಂದಿದ್ದ ಮೆಕ್ಯಾನಿಕ್. ಅವಳು ರಸೀದಿಗೆ ಕಾಯುತ್ತಿದ್ದಾಗ ವಯಸ್ಸಾದವರೊಬ್ಬರು ಬಂದು, ಕರವಸ್ತ್ರ ಬಿಚ್ಚಿ ತಮ್ಮ ಡಿಸ್ಕನ್ನು ಮುಂದಿಟ್ಟರು.

"ಕಂಪ್ಯೂಟರ್ ಇದನ್ನ ತೋರಿಸ್ತಾನೇ ಇಲ್ಲಪ್ಪ."

ಮೆಕ್ಯಾನಿಕ್ ವೈರು ಸಿಕ್ಕಿಸಿ ಕಿವಿಗೆ ಹಿಡಿದ. ಟಕ್ ಟಕ್. ತಕ್ಷಣ ಕಿತ್ತ.

"ಏನಿತ್ತು ಇದರಲ್ಲಿ?"

"ತೀರಿಕೊಂಡಳಲ್ಲ ನಮ್ಮ ಮನೆಯವಳು, ಅವಳ ದನಿ. ನನ್ನನ್ನ ಬೈದಿದ್ದೂ ಇದೆ."

"ಫೋನಲ್ಲಿಲ್ವಾ?"

"ಫೋನು ಕಳೆದುಹೋದ್ರೆ ಅಂತ ಎಲ್ಲಾ ಇದಕ್ಕೇ ಹಾಕಿಸಿ, ಅಲ್ಲಿ ಅಳಿಸಿಬಿಟ್ಟೆ."

"ಸದ್ದು ಶುರುವಾದ ಮೇಲೆ ಎಷ್ಟು ಸಲ ಹಾಕಿದ್ರಿ?"

"ಮೂರು ತಿಂಗಳಿಂದ, ದಿನಾ ಬೆಳಗ್ಗೆ ಒಂದ್ಸಲ. ಇವತ್ತಾದ್ರೂ ಮಾತಾಡ್ತಾಳೇನೋ ಅಂತ. ಯಾಕಪ್ಪ, ಹಾಕಬಾರದಿತ್ತಾ?"

ಟೀಚರಮ್ಮ ತಲೆಯೆತ್ತಿ ಮೆಕ್ಯಾನಿಕ್ಕಿನ ಮುಖ ನೋಡಿದಳು.

"ಛೆ, ಹಾಗೇನಿಲ್ಲ ಯಜಮಾನ್ರೇ," ಎಂದ ಮೆಕ್ಯಾನಿಕ್, ಅವಳತ್ತ ನೋಡದೆ. "ಇದು ಮೊದಲನೇ ದಿನವೇ ಹೋಗಿದೆ. ಯಾರು ಏನು ಮಾಡಿದ್ರೂ ಬರ್ತಿರಲಿಲ್ಲ."

"ಸದ್ಯ, ನನ್ನ ಕೈಯಿಂದ ಹೋಗಲಿಲ್ಲವಲ್ಲ."

ಅವರು ಡಿಸ್ಕನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿಕೊಂಡು ಬಾಗಿಲವರೆಗೆ ಹೋದವರು, ತಿರುಗಿ ನಿಂತರು.

"ಹಾಗಾದ್ರೆ ಇನ್ಮೇಲೂ ದಿನಾ ಒಂದ್ಸಲ ಹಾಕಿ ನೋಡಿದ್ರೆ ತೊಂದರೆಯಿಲ್ಲ, ಅಲ್ವಾ?"

"ಏನೂ ತೊಂದರೆಯಿಲ್ಲ ಯಜಮಾನ್ರೇ."

ಅವರು ಮೆಟ್ಟಿಲಿಳಿದು ಹೋದರು.