ಮೆತ್ತನೆಯ ಕಂಬಳಿ

ನಿಜಾಮರ ಆಳ್ವಿಕೆ ಹೋಗಿ ಎರಡನೆಯ ಮಳೆಗಾಲ. ಯಾದಗಿರಿ ಸ್ಟೇಶನ್ನಿನ ಟಿಕೀಟಿನ ಸಾಲಿನಲ್ಲಿ ನಿಂತಿದ್ದ ವಹಾಬನ ಕಿವಿಗೆ ಮುಂದಿದ್ದ ಇಬ್ಬರ ಮಾತು ಬೇಡವೆಂದರೂ ಬೀಳುತ್ತಿತ್ತು. ಒಬ್ಬರು ಹೈದರಾಬಾದಿನ ಕಾಲೇಜು ಬಿಟ್ಟು ಬಂದು, ಕಂಬಳಿ ವ್ಯಾಪಾರಕ್ಕಿಳಿದು ಸೋತ ಪ್ರೊಫೆಸರ್ ಭಗವಂತರಾಯರು. ಇನ್ನೊಬ್ಬ ಅವರನ್ನು ಕಳಿಸಲು ಬಂದ ಸಗರದ ನೇಕಾರ ಮಲ್ಕಪ್ಪ.

“ಅಷ್ಟು ಮೆತ್ತಗ ಮಾಡಿಸಿದ್ದೆ. ಒಬ್ಬ ಕುರುಬನೂ ತಗೊಳ್ಳಲಿಲ್ಲಲ್ಲೋ ಮಲ್ಕಪ್ಪ.”

“ಹುಣಸಿಬೀಜದ ಗಂಜಿ ಹಚ್ಚಬ್ಯಾಡ ಅಂದ್ರಿ. ಗಂಜಿ ಇಲ್ದಿದ್ರ ಕಂಬಳಿ ಮಳಿ ತಡಿಯಂಗಿಲ್ರಿ.”

“ನಾತ ಬರ್ತದ, ಮೈಗೆ ಚುಚ್ಚತದ ಅಂತ ಬ್ಯಾಡ ಅಂದೆ. ಇದು ನಿನಗ ಮೊದಲೇ ಗೊತ್ತಿತ್ತೇನು?”

“ನಮ್ಮ ಕುರಿಗೂ ಗೊತ್ತೈತ್ರಿ.”

“ಮತ್ತ ಯಾಕ ಹೇಳಲಿಲ್ಲ?”

“ನೀವು ಕಲಿತವರು. ಒಂದಿನಾನೂ ಕೇಳಲಿಲ್ಲ, ಬರೇ ಹೇಳಿದ್ರಿ.”

ರಾಯರು ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಸರಿದರು.

“ಹದಿನೈದು ವರ್ಷ ಕಾಲೇಜಿನ್ಯಾಗ ಅದನ್ನೇ ಮಾಡೀನಿ. ಈಗ ಮತ್ತ ಅದಕ್ಕೇ ಹೊಂಟೀನಿ.”

ಟಿಕೀಟು ಕೈಗೆ ಬರುವಷ್ಟರಲ್ಲಿ ರೈಲು ಬಂತು, ಮಳೆಯೂ ಬಂತು. ರಾಯರ ಹೆಗಲ ಮೇಲಿದ್ದ ಮೆತ್ತನೆಯ ಕಂಬಳಿ ನಾಲ್ಕು ಹೆಜ್ಜೆಗೇ ತೊಯ್ದು ಜೋತುಬಿತ್ತು. ಮಲ್ಕಪ್ಪ ತನ್ನ ಒರಟು ಕಂಬಳಿ ತೆಗೆದು ಅವರ ತಲೆಯ ಮೇಲೆ ಹಾಕಿದ.

“ನಾತ ಬರ್ತದ್ರಿ.”

ರಾಯರು ಅದನ್ನು ಮೂಗಿನವರೆಗೂ ಎಳೆದುಕೊಂಡು ರೈಲಿನ ಡಬ್ಬಿಯ ಕಡೆ ನಡೆದರು.