ಕರಡಿಗುಡ್ಡಕ್ಕೆ ಬೈಯುತ್ತಾ ಹೋದ ಅತ್ತೆ

ಕೂತವರು ಕೂತಲ್ಲೇ ಇರಿ, ನಿದ್ದೆ ಬಂದವರು ಗೋಡೆಗೆ ಒರಗಿ. ನಡುನಡುವೆ ಹೂಂ ಅಂದರೆ ಸಾಕು. ಎಲ್ಲೋ ಒಂದು ನಾಡು. ಆ ನಾಡಿನಲ್ಲೊಂದು ಊರು. ಊರ ಬೆನ್ನಿಗೆ ಗುಡ್ಡ, ಗುಡ್ಡದ ತುಂಬ ಬಂಡೆ, ಬಂಡೆಯ ಸಂದಿಯಲ್ಲಿ ಕರಡಿ.

ಆ ಊರಿನ ಹೆಂಗಸರಿಗೆ ಒಂದು ಕಟ್ಟಳೆ ಇತ್ತು. ಅವರ ಸದ್ದು ಹೊಸಿಲಾಚೆ ಯಾರ ಕಿವಿಗೂ ಬೀಳಬಾರದು. ಬಾಯಿ ಮುಚ್ಚಿರಬೇಕು, ಬಳೆ ಮೇಲೇರಿಸಿರಬೇಕು, ಕಾಲ್ಗೆಜ್ಜೆಗೆ ಬಟ್ಟೆ ಸುತ್ತಿರಬೇಕು. ಸೀತಾಫಲಕ್ಕೆ ಗುಡ್ಡ ಹತ್ತುವಾಗಲೂ ಹಾಗೇ, ಬೆಕ್ಕಿನ ನಡಿಗೆ. ವರ್ಷಕ್ಕೆ ಒಬ್ಬರನ್ನಾದರೂ ಕರಡಿ ಪರಚುತ್ತಿತ್ತು. ಊರ ಹಿರಿಯರು ಏನಂದರು? ಇನ್ನೂ ಮೆಲ್ಲಗೆ ನಡೀರಿ ಅಂದರು. ಅವರೇನು ಗುಡ್ಡ ಹತ್ತುತ್ತಿದ್ದರೇ? ಕಟ್ಟೆ ಬಿಟ್ಟು ಎದ್ದವರಲ್ಲ.

ಇಂಥ ಊರಿಗೆ ಗಾಳೆಮ್ಮ ಸೊಸೆಯಾಗಿ ಬಂದಳು. ಅವಳ ತವರಿನ ಗುಡ್ಡದಲ್ಲೂ ಕರಡಿ ಇದ್ದವು. ಆದರೆ ಅಲ್ಲಿ ಬುಟ್ಟಿ ಬಡಿಯುತ್ತ, ಹಾಡುತ್ತ ಹತ್ತುವುದು. ಕರಡಿಗೆ ಕಣ್ಣು ಮಂದ. ಗೆದ್ದಲ ಹುತ್ತಕ್ಕೆ ಮೂತಿ ಇಟ್ಟಿತೆಂದರೆ ಕಿವಿಯೂ ಮಂದ. ಜನ ಬರುವುದು ದೂರದಿಂದಲೇ ತಿಳಿದರೆ ಅದೇ ಪಕ್ಕಕ್ಕೆ ಸರಿಯುತ್ತದೆ. ದಿಢೀರನೆ ಎದುರಾದರೆ ಹೆದರಿ ಮೈಮೇಲೆ ಬರುತ್ತದೆ. ಇದನ್ನು ಹೇಳಹೋದರೆ ಅತ್ತೆ ದುರುಗವ್ವ ಕೇಳಬೇಕಲ್ಲ?

ಮೊದಲ ಸಲ ಗಾಳೆಮ್ಮ ಬೀಸುವಾಗ ಹಾಡಿದಳು, ಬೀದಿಗೆ ಕೇಳಿತು. ಎರಡನೇ ಸಲ ತಪ್ಪಿಸಿಕೊಂಡ ಕರುವನ್ನು ಕೂಗಿದಳು, ಊರ ಅಗಸೆಬಾಗಿಲಿಗೆ ಕೇಳಿತು. ಮೂರನೇ ಸಲ ದನಿ ಕೇಳಿಸಿದರೆ ತವರಿನ ದಾರಿ ಹಿಡಿಯಬೇಕು ಅಂದಳು ದುರುಗವ್ವ. ಗಂಡ ಒಳ್ಳೆಯವನೇ, ಆದರೆ ಅವ್ವನ ಮುಂದೆ ಗೋಡೆಯ ಗೂಟ. ಗಾಳೆಮ್ಮನಿಗೆ ಆ ಗೂಟ ಬಿಟ್ಟು ಹೋಗಲು ಮನಸ್ಸಿಲ್ಲ. ಬಾಯಿ ಹೊಲಿದುಕೊಂಡಳು.

ಸೀತಾಫಲ ಕಣ್ಣು ಬಿಟ್ಟು ಹಣ್ಣಾಗತೊಡಗಿದವು. ಸೊಸೆಯ ಬಾಯಿ ಕಾಯಲು ಅತ್ತೆಯೂ ಜೊತೆಗೆ ಹೊರಟಳು. ಗುಡ್ಡದ ದಾರಿಯಲ್ಲಿ ಗಾಳೆಮ್ಮ ಮೂಗಿನಲ್ಲೇ ಗುನುಗಿದಳು. ಅತ್ತೆ ತಿರುಗಿ ನೋಡಿದಳು. ಸೊಸೆ ಬಳೆ ಇಳಿಸಿ ಆಡಿಸಿದಳು. ಅತ್ತೆ ಮತ್ತೆ ಏರಿಸಿದಳು. ಸೊಸೆ ಬುಟ್ಟಿ ತಟ್ಟಿದಳು, ಅತ್ತೆ ಅದನ್ನು ಕಿತ್ತು ತನ್ನ ತಲೆಗೇ ಇಟ್ಟುಕೊಂಡು ಮುಂದೆ ನಡೆದಳು.

ಮುಂದೆ ನಡೆದವಳಿಗೆ ಬಂಡೆಯ ತಿರುವಿನಲ್ಲಿ ಏನು ಸಿಕ್ಕಿತು? ಕರಡಿ. ಬರೀ ಕರಡಿಯಲ್ಲ, ಬೆನ್ನ ಮೇಲೆ ಎರಡು ಮರಿ ಹೊತ್ತ ತಾಯಿ. ಗಾಳಿ ಅದರ ಕಡೆಯಿಂದ ಇತ್ತ ಬೀಸುತ್ತಿತ್ತು. ಇವರ ವಾಸನೆಯೂ ಅದಕ್ಕೆ ಹತ್ತಿರಲಿಲ್ಲ. ಬೆಚ್ಚಿಬಿದ್ದು ಹಿಂಗಾಲ ಮೇಲೆ ಎದ್ದು ನಿಂತಿತು.

ದುರುಗವ್ವ ಓಡಲು ಕಾಲೆತ್ತಿದಳು. ಗಾಳೆಮ್ಮ ಹಿಂದಿನಿಂದ ಸೆರಗು ಹಿಡಿದಳು. ಬಾಯಿ ಬಿಟ್ಟರೆ ಮನೆ ಹೋಗುತ್ತದೆ, ಬಿಡದಿದ್ದರೆ ಅತ್ತೆ ಹೋಗುತ್ತಾಳೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಒಂದಿಬ್ಬರು ನಗುತ್ತಿದ್ದೀರಿ, ನನಗೆ ಕಾಣುತ್ತೆ.

ಗಾಳೆಮ್ಮ ಬಾಯಿ ಬಿಟ್ಟಳು.

"ಓಡಬ್ಯಾಡ್ರಿ ಅತ್ತಿ. ಬೆನ್ನು ತೋರಸಬ್ಯಾಡ್ರಿ. ಹಿಂದಕ್ಕ ಹೆಜ್ಜಿ ಇಡಕೋಂತ ಮೆಲ್ಲಕ ಮಾತಾಡ್ರಿ. ನಾವು ಮನುಷ್ಯಾರು ಅಂತ ಅದಕ್ಕ ಗೊತ್ತಾಗ್ಲಿ."

"ಏನಂತ ಮಾತಾಡ್ಲೇ?"

"ನನ್ನ ಬೈರಿ."

ಅದೊಂದನ್ನು ದುರುಗವ್ವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದದ್ದರಿಂದ ಶುರುಮಾಡಿದಳು. ಒಂದೊಂದು ಹೆಜ್ಜೆಗೆ ಒಂದೊಂದು ತಪ್ಪು, ತಣ್ಣನೆಯ ದನಿಯಲ್ಲಿ. ರೊಟ್ಟಿ ಸೀದದ್ದು ಬಂತು, ಕರು ತಪ್ಪಿಸಿಕೊಂಡದ್ದು ಬಂತು, ಬೀಗರ ಜಿಪುಣತನ ಬಂತು. ಕರಡಿ ಮೂತಿ ಎತ್ತಿ ಕೇಳಿತು. ಮೂಸಿತು. ಕೊನೆಗೆ ಮರಿಗಳನ್ನು ಹೊತ್ತು ಮುಳ್ಳುಕಂಟಿಯೊಳಗೆ ಇಳಿದುಹೋಯಿತು.

ಮನೆಗೆ ಬಂದ ಗಾಳೆಮ್ಮ ತಾನೇ ಬಟ್ಟೆ ಗಂಟು ಕಟ್ಟಿದಳು. ಮೂರನೇ ಸಲ ಆಗಿತ್ತಲ್ಲ. ದುರುಗವ್ವ ಆ ಗಂಟನ್ನು ಕಾಲಿಂದ ಒಳಗೆ ನೂಕಿದಳು. ಆಮೇಲೆ ಹೊಸಿಲ ಮೇಲೆ ನಿಂತು, ಬೀದಿಗೆಲ್ಲ ಕೇಳುವ ಹಾಗೆ ಅಂದಳು:

"ನೀ ಹೋದ್ರ, ನಾಳಿ ಗುಡ್ಡಕ್ಕ ನಾ ಯಾರನ್ನ ಬೈಕೋಂತ ಹೋಗ್ಲಿ?"

ಕಟ್ಟೆಯ ಮೇಲಿನ ಹಿರಿಯರು ಕೆಮ್ಮಿದರು. ಕೆಮ್ಮಲಿ ಬಿಡಿ. ಮರುದಿನ ಊರ ಗೆಜ್ಜೆಗಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿತು. ಮುಂದೆ ದುರುಗವ್ವನ ಬೈಗುಳ, ಹಿಂದೆ ಗಾಳೆಮ್ಮನ ಹಾಡು, ನಡುವೆ ಹೆಂಗಸರ ನಗು. ಕರಡಿ ಮರಿ ಹೊತ್ತು ಅತ್ತ, ಇವರು ಬುಟ್ಟಿ ಹೊತ್ತು ಇತ್ತ.

ಹಣ್ಣು ಅವರು ತಿಂದರು, ಕಥೆ ನಿಮಗೆ ಸಿಕ್ಕಿತು. ಎದ್ದು ಮನೆಗೆ ಹೋಗುವವರು ಮಾತಾಡುತ್ತಾ ಹೋಗಿ.